ಸಲ್ಲದ ಬಿಲ್ಲೆಯ ಬೆಲೆ

ತರಗತಿಯಲ್ಲಿ ತದ್ಭವಗಳ ಪಾಠ ನಡೆಯುವಾಗ ‘ಹಣ’ ಎಂಬ ಮಾತು ಬಂದರೆ ನಿದ್ದೆಯ ಅಂಚಿನಲ್ಲಿದ್ದ ಹುಡುಗರೂ ಒಮ್ಮೆ ತಲೆಯೆತ್ತುತ್ತಾರೆ. ಸಂಸ್ಕೃತದ ‘ಪಣ’ ಕನ್ನಡದಲ್ಲಿ ‘ಹಣ’ವಾಯಿತು, ಪಾಲ್ ಹಾಲಾದಂತೆ, ಪೂ ಹೂವಾದಂತೆ, ಪಕಾರ ಹಕಾರಕ್ಕೆ ತಿರುಗುವುದು ನಮ್ಮ ನುಡಿಯ ಹಳೆಯ ಚಾಳಿ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಪಣವೆಂದರೆ ನಾಣ್ಯವೂ ಹೌದು, ಜೂಜಿನಲ್ಲಿ ಮುಂದೊಡ್ಡುವ ಒಡ್ಡವೂ ಹೌದು. ತಿಂಗಳ ಮೊದಲಲ್ಲಿ ಬ್ಯಾಂಕಿಗೆ ಬಂದು ಬೀಳುವ, ಬಾಡಿಗೆ, ಹಾಲು, ಮಕ್ಕಳ ಫೀಜು ಎಂದು ನಾವು ಲೆಕ್ಕಹಾಕಿ ಖರ್ಚುಮಾಡುವ ಆ ಸಂಭಾವಿತ ಪದಾರ್ಥದ ವಂಶಾವಳಿಯನ್ನು ಕೆದಕಿದರೆ ಒಂದು ಕವಲು ಜೂಜುಕಟ್ಟೆಗೆ ಹೋಗಿ ಸೇರುತ್ತದೆ. ಕೌಟಿಲ್ಯನಿಗೂ ಇದರಲ್ಲಿ ಸಂಕೋಚವಿರಲಿಲ್ಲ. ಅವನ ಅರ್ಥಶಾಸ್ತ್ರದಲ್ಲಿ ಜೂಜಿಗೊಬ್ಬ ಅಧ್ಯಕ್ಷನೇ ಇದ್ದಾನೆ. ದಾಳಗಳನ್ನು ಬಾಡಿಗೆಗೆ ಕೊಡುವುದು, ಗೆದ್ದವನಿಂದ ನೂರಕ್ಕೆ ಐದರಂತೆ ವಸೂಲುಮಾಡುವುದು ಅವನ ಉದ್ಯೋಗ. ಕವಡೆಯ ಕತೆಯೂ ಹೀಗೆಯೇ. ಬಂಗಾಳದ ಪೇಟೆಗಳಲ್ಲಿ ಒಂದು ಕಾಲಕ್ಕೆ ಅದು ಚಲಾವಣೆಯ ಹಣ. ನಮ್ಮ ಚೌಕಾಬಾರದಲ್ಲಿ ಅದೇ ದಾಳ.

ಈ ಹಳೆಯ ನೆಂಟಸ್ತಿಕೆ ಮತ್ತೆ ನನ್ನ ತಲೆಯಲ್ಲಿ ಸುಳಿಯುವುದಕ್ಕೆ ಕಾರಣನಾದವನು ನನ್ನ ಒಬ್ಬ ಹಳೆಯ ವಿದ್ಯಾರ್ಥಿ. ಈಗ ಅಮೆರಿಕದಲ್ಲಿ ಕೆಲಸದಲ್ಲಿದ್ದಾನೆ. ರಜೆಗೆ ಬಂದಾಗ ನನ್ನ ಮೇಜಿನ ಮೇಲೆ ಕೆಂಪು ಬಣ್ಣದ ಒಂದು ಗುಂಡು ಬಿಲ್ಲೆಯನ್ನು ಇಟ್ಟ. ಲಾಸ್ ವೇಗಾಸ್ ಊರಿನ ಸ್ಟಾರ್‌ಡಸ್ಟ್ ಎಂಬ ಕ್ಯಾಸಿನೋದ ಚಿಪ್ ಅದು. “ಸರ್, ಇದರ ಮೇಲೆ ಐದು ಡಾಲರು ಎಂದು ಬರೆದಿದೆ. ಈಗ ಇದನ್ನು ಕೊಟ್ಟರೆ ಐದು ಡಾಲರು ಕೊಡುವವರು ಯಾರೂ ಇಲ್ಲ. ಆದ್ದರಿಂದಲೇ ನಾನು ಅದಕ್ಕಿಂತ ಹೆಚ್ಚು ಕೊಟ್ಟು ತೆಗೆದುಕೊಂಡೆ” ಎಂದ. ಅವನು ನಗುತ್ತ ಹೇಳಿದ, ನಾನೂ ನಕ್ಕೆ. ಆದರೆ ಆ ‘ಆದ್ದರಿಂದಲೇ’ ಎಂಬ ಅವ್ಯಯ ನನ್ನನ್ನು ಬಿಡಲಿಲ್ಲ. ಮಾತು ಉಳಿಸಿಕೊಳ್ಳುವವನ ಪತ್ರಕ್ಕೆ ಬೆಲೆಯುಂಟು, ಮಾತು ಸತ್ತಮೇಲೆ ಪತ್ರಕ್ಕೆ ಬೆಲೆಯಿಲ್ಲ ಎಂಬುದು ಲೋಕದ ನ್ಯಾಯ. ಇಲ್ಲಿ ಅದು ತಲೆಕೆಳಗಾಗಿದೆ. ಇದು ಶ್ರೀಮಂತ ದೇಶದ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಆದರೆ ಅಂಚೆಚೀಟಿಗೂ ಹಳೆಯ ತಾಮ್ರದ ಚೊಂಬಿಗೂ ಆಸೆಪಡುವ ನಾವು ಆ ಸುಲಭದ ದಾರಿ ಹಿಡಿಯುವುದು ನ್ಯಾಯವಲ್ಲ.

ಮೊದಲು ಆ ವಸ್ತುವನ್ನೇ ನೋಡೋಣ. ಮೂವತ್ತೊಂಬತ್ತು ಮಿಲಿಮೀಟರು ಅಡ್ಡಳತೆ. ಎಂಟು ಹತ್ತು ಗ್ರಾಂ ತೂಕ. ಜನ ಅದನ್ನು ಜೇಡಿಮಣ್ಣಿನ ಚಿಪ್ ಎನ್ನುತ್ತಾರಾದರೂ ಅದು ಶುದ್ಧ ಮಣ್ಣಲ್ಲ. ಬೇರೆ ಬೇರೆ ಪದಾರ್ಥಗಳನ್ನು ಬೆರೆಸಿ ಅಚ್ಚಿನಲ್ಲಿಟ್ಟು ಬಿಸಿಯಲ್ಲಿ ಒತ್ತಿ ಮಾಡಿದ್ದು. ಅಂಚಿನ ಸುತ್ತ ಬೇರೆ ಬಣ್ಣದ ತುಂಡುಗಳಿರುತ್ತವೆ. ಅವು ಮೇಲೆ ಬಳಿದ ಬಣ್ಣವಲ್ಲ. ಬಿಲ್ಲೆಯನ್ನು ಅಲ್ಲಲ್ಲಿ ಕತ್ತರಿಸಿ ಇನ್ನೊಂದು ಬಣ್ಣದ ತುಂಡನ್ನು ಕೈಯಿಂದ ಕೂರಿಸಿ ಒತ್ತಿದ್ದು. ಹೊರಗೆ ರಾಶಿಯಾಗಿ ಪೇರಿಸಿಟ್ಟರೂ ಯಾವ ಬಿಲ್ಲೆ ಎಷ್ಟರದು ಎಂದು ದೂರದಿಂದ ಗೊತ್ತಾಗಬೇಕು, ಕಳ್ಳ ಬಿಲ್ಲೆ ಬೆರೆತರೆ ಅಂಚಿನಲ್ಲೇ ಸಿಕ್ಕಿಬೀಳಬೇಕು, ಅದಕ್ಕಾಗಿ ಈ ಏರ್ಪಾಡು. ಸಾಮಾನ್ಯವಾಗಿ ಬಿಳಿಯದು ಒಂದು ಡಾಲರು, ಕೆಂಪು ಐದು, ಹಸಿರು ಇಪ್ಪತ್ತೈದು, ಕಪ್ಪು ನೂರು. ಬಿಲ್ಲೆಯ ಸುತ್ತಂಚಿನಲ್ಲಿ ಅಚ್ಚಿನ ಗುರುತು ಮೂಡಿರುತ್ತದೆ. ಪಾಲ್‌ಸನ್ ಕಂಪನಿಯವರದು ಎತ್ತರದ ಟೋಪಿ ಮತ್ತು ಬೆತ್ತ. ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನ ಬರ್ಟ್ ಕಂಪನಿಯವರ ಒಂದು ಅಚ್ಚಿನಲ್ಲಿ ಕುದುರೆಯ ತಲೆ. ನಮ್ಮ ಶಾಸನತಜ್ಞರು ಅಕ್ಷರದ ಬಾಗು ನೋಡಿ ರಾಜವಂಶದ ಕಾಲ ಹೇಳುವಂತೆ ಸಂಗ್ರಾಹಕರು ಟೋಪಿಯ ಗುರುತು ನೋಡಿ ಬಿಲ್ಲೆಯ ಕಾಲ ಹೇಳುತ್ತಾರೆ.

ಇದಕ್ಕೆ ಪೂರ್ವಜರೂ ಇದ್ದಾರೆ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಶ್ರೀಮಂತರು ತಮ್ಮ ಮನೆತನದ ಲಾಂಛನ ಕೆತ್ತಿಸಿ ಮುತ್ತಿನ ಚಿಪ್ಪಿನ ಬಿಲ್ಲೆಗಳನ್ನು ಚೀನಾದ ಕ್ಯಾಂಟನ್ನಿನಿಂದ ತರಿಸಿಕೊಳ್ಳುತ್ತಿದ್ದರು. ಅವುಗಳಲ್ಲಿ ಎಷ್ಟೋ ಮೀನಿನ ಆಕಾರದವು. ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ ಕಿರಿಯ ತಂಗಿ ಲಿಡಿಯಾ ಎಷ್ಟು ಮೀನು ಗೆದ್ದೆ, ಎಷ್ಟು ಮೀನು ಸೋತೆ ಎಂದು ಹರಟುವುದು ಈ ಬಿಲ್ಲೆಗಳನ್ನು ಕುರಿತೇ. ಬಿ.ಎ. ಓದುವಾಗ ನಮ್ಮಲ್ಲಿ ಬಹಳ ಜನ, ಆ ಮನೆಯಲ್ಲಿ ಇಸ್ಪೀಟಿನ ಜೊತೆಗೆ ಊಟವೂ ನಡೆಯುತ್ತಿತ್ತೆಂದು ತಿಳಿದುಕೊಂಡಿದ್ದರು.

ಜೂಜುಮನೆಯವರು ನೋಟನ್ನು ಒಲ್ಲೆನೆಂದು ಬಿಲ್ಲೆಯನ್ನು ಕೊಡುವುದೇಕೆ? ಎಣಿಕೆ ಸುಲಭ, ಕಳ್ಳತನ ಕಷ್ಟ, ಆಟ ಚುರುಕು ಎಂದು ಅವರು ಹೇಳುವ ಕಾರಣಗಳೆಲ್ಲ ನಿಜವೇ. ಅವರು ಅಷ್ಟಾಗಿ ಹೇಳದ ಕಾರಣವೊಂದಿದೆ. ಐನೂರು ರೂಪಾಯಿಯ ನೋಟನ್ನು ಜೇಬಿನಿಂದ ತೆಗೆಯುವಾಗ ಕೈ ಒಂದು ಗಳಿಗೆ ತಡೆಯುತ್ತದೆ. ಆ ನೋಟಿಗೆ ಅಕ್ಕಿಯ ಚೀಲದ ನೆನಪಿದೆ, ವೈದ್ಯರ ಫೀಜಿನ ನೆನಪಿದೆ. ಬಣ್ಣದ ಬಿಲ್ಲೆಗೆ ಯಾವ ನೆನಪೂ ಇಲ್ಲ. ಬಾಗಿಲಲ್ಲಿ ಹಣವನ್ನು ಒಪ್ಪಿಸಿ ಬಿಲ್ಲೆಯನ್ನು ಪಡೆದವನು ಅಲ್ಲಿಯೇ ತನ್ನ ಮನೆವಾರ್ತೆಯನ್ನೂ ಒಪ್ಪಿಸಿ ಒಳಗೆ ಹೋಗುತ್ತಾನೆ. ಆಡುವವನು ಅದನ್ನು ದಿಟ್ಟಿಸಿ ನೋಡಬಾರದು. ಅದು ಒಂದೆಡೆ ನಿಲ್ಲಬಾರದು. ಒಂದು ಕೆಂಪು ಬಿಲ್ಲೆಗೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣಬಾರದು.

ಇನ್ನು ಕಾನೂನಿನ ದೃಷ್ಟಿ. ನೆವಾಡಾ ರಾಜ್ಯದಲ್ಲಿ ೧೯೩೧ರಲ್ಲಿ ಜೂಜಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ಅಲ್ಲಿನ ಜೂಜಿನ ನಿಯಮಾವಳಿಯ ಹನ್ನೆರಡನೆಯ ಭಾಗ ಪೂರ್ತಿಯಾಗಿ ಈ ಬಿಲ್ಲೆಗಳಿಗೇ ಮೀಸಲು. ಅದರ ಪ್ರಕಾರ ಬಿಲ್ಲೆ ಎಂಬುದು ಜೂಜುಮನೆ ಅದನ್ನು ಹಿಡಿದವನಿಗೆ ಕೊಡಬೇಕಾದ ಸಾಲದ ಗುರುತು ಮಾತ್ರ. ವಸ್ತುವಾಗಿ ಅದು ಜೂಜುಮನೆಯ ಸೊತ್ತು, ಇನ್ನಾರದೂ ಅಲ್ಲ. ಎಂದರೆ ದುಡ್ಡು ಕೊಟ್ಟು ಪಡೆದವನು ಒಡೆಯನಲ್ಲ, ಗೆದ್ದವನು ಒಡೆಯನಲ್ಲ, ವೆಲ್ವೆಟ್ಟಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸುವವನಂತೂ ಅಲ್ಲವೇ ಅಲ್ಲ. ಅಂಗಡಿ ಮುಚ್ಚುವಾಗ ಜೂಜುಮನೆಯವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಗೊತ್ತಾದ ಅವಧಿಯವರೆಗೆ ಬಿಲ್ಲೆಗಳನ್ನು ಹಿಂದಕ್ಕೆ ಪಡೆದು ಹಣ ಕೊಟ್ಟು, ಆಮೇಲೆ ಅಧಿಕಾರಿಗಳು ಒಪ್ಪಿದ ರೀತಿಯಲ್ಲಿ ಅವನ್ನು ನಾಶಮಾಡಬೇಕು.

ಈ ಸಂಗತಿಯನ್ನು ನಮ್ಮ ಪಕ್ಕದ ಮನೆಯ ರಾಯರಿಗೆ ಹೇಳಿದೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೆಲಸಮಾಡಿ ನಿವೃತ್ತರಾದವರು. ಬಿಲ್ಲೆಯನ್ನು ಬೆಳಕಿಗೆ ಹಿಡಿದು, ಕನ್ನಡಕ ಸರಿಪಡಿಸಿಕೊಂಡು, “ಮೇಷ್ಟ್ರೇ, ಇದು ಒಡವೆಯಲ್ಲ, ಸಾಲಪತ್ರ. ಸಾಲಗಾರ ಸತ್ತ, ವಾರಸುದಾರರು ಕೈತೊಳೆದುಕೊಂಡರು. ನಮ್ಮಲ್ಲಾಗಿದ್ದರೆ ಇದನ್ನು ವಜಾ ಖಾತೆಗೆ ಹಾಕುತ್ತಿದ್ದೆವು” ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ೨೦೧೬ರ ನವೆಂಬರನ್ನು ನೆನಪಿಸಿದರು. ಆಗ ಐನೂರರ, ಸಾವಿರದ ನೋಟುಗಳು ಒಂದೇ ರಾತ್ರಿಯಲ್ಲಿ ಸಲ್ಲದೆ ಹೋದವು. ಮರುವರ್ಷ ಬಂದ ಕಾನೂನು ಸರ್ಕಾರದ ಹೊಣೆ ತೀರಿತೆಂದು ಸಾರಿತು. ಹಳೆಯ ನೋಟನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳಕೂಡದೆಂದಿತು. ಆದರೆ ಅಧ್ಯಯನಕ್ಕೋ ಸಂಶೋಧನೆಗೋ ನಾಣ್ಯಶಾಸ್ತ್ರಕ್ಕೋ ಆದರೆ ಇಪ್ಪತ್ತೈದರವರೆಗೆ ಆಗಬಹುದು ಎಂದು ಒಂದು ಕಿಂಡಿಯನ್ನೂ ಬಿಟ್ಟಿತು. ಕೊಟ್ಟ ಮಾತು ಸತ್ತಮೇಲೂ ಅದರ ಹೆಣವನ್ನು ಕಾಪಾಡಿಕೊಳ್ಳುವ ಒಂದು ಜಾತಿಯ ಜನ ಇದ್ದೇ ಇರುತ್ತಾರೆಂಬುದು ಶಾಸನ ಬರೆದವರಿಗೂ ಗೊತ್ತಿತ್ತು.

ಕಾನೂನಿನ ಈ ಬಲ ಎಷ್ಟೆಂಬುದಕ್ಕೆ ಒಂದು ಪ್ರಸಂಗ ಹೇಳಬಹುದು. ೨೦೧೦ರ ಡಿಸೆಂಬರಿನಲ್ಲಿ ಒಬ್ಬಾತ ಹೆಲ್ಮೆಟ್ಟು ಧರಿಸಿ ಲಾಸ್ ವೇಗಾಸಿನ ಬೆಲಾಜಿಯೋ ಕ್ಯಾಸಿನೋಗೆ ನುಗ್ಗಿ, ಪಿಸ್ತೂಲು ತೋರಿಸಿ, ಸುಮಾರು ಹದಿನೈದು ಲಕ್ಷ ಡಾಲರು ಮೌಲ್ಯದ ಬಿಲ್ಲೆಗಳನ್ನು ಬಾಚಿಕೊಂಡು ಮೋಟಾರ್ ಸೈಕಲ್ ಮೇಲೆ ಮಾಯವಾದ. ಆ ಬಿಲ್ಲೆಗಳಲ್ಲಿ ಇಪ್ಪತ್ತೈದು ಸಾವಿರದವೂ ಇದ್ದವು. ಜೂಜುಮನೆಯವರು ಮಾಡಿದ್ದಿಷ್ಟೇ: ಆ ಸರಣಿಯ ಇಪ್ಪತ್ತೈದು ಸಾವಿರದ ಬಿಲ್ಲೆಗಳು ೨೦೧೧ರ ಏಪ್ರಿಲ್‌ ಕಳೆದರೆ ಸಲ್ಲವೆಂದು ಪ್ರಕಟಿಸಿಬಿಟ್ಟರು. ಆತ ಅವನ್ನು ಮಾರಲು ಹೊಂಚುತ್ತಿದ್ದಾಗಲೇ, ಆ ಗಡುವಿಗೂ ಮೊದಲೇ, ಪೊಲೀಸರ ಕೈಗೆ ಸಿಕ್ಕಿಬಿದ್ದ. ಅವನು ಕದ್ದದ್ದು ಬಣ್ಣದ ಬಿಲ್ಲೆಗಳನ್ನು. ಅವುಗಳ ಮೌಲ್ಯ ಮಾತ್ರ ಜೂಜುಮನೆಯವರ ನಾಲಗೆಯ ತುದಿಯಲ್ಲೇ ಉಳಿದಿತ್ತು.

ಲಾಸ್ ವೇಗಾಸ್ ತನ್ನ ಮನೆಗಳನ್ನು ತಾನೇ ಸಿಡಿಮದ್ದಿಟ್ಟು ಕೆಡವುವ ಊರು. ಕೆಡವುವುದನ್ನು ನೋಡಲು ಜನ ಜಾತ್ರೆ ಸೇರುವ ಊರು. ೧೯೫೫ರಲ್ಲಿ ತೆರೆದ ಡ್ಯೂನ್ಸ್ ೧೯೯೩ರಲ್ಲಿ ನೆಲಕ್ಕುರುಳಿತು. ಮೇಲೆ ಹೇಳಿದ ಬೆಲಾಜಿಯೋ ಎದ್ದು ನಿಂತದ್ದು ಆ ನೆಲದಲ್ಲೇ. ೧೯೫೨ರ ಸ್ಯಾಂಡ್ಸ್ ೧೯೯೬ರಲ್ಲಿ ಹೋಯಿತು. ೧೯೫೦ರ ಡೆಸರ್ಟ್ ಇನ್ ೨೦೦೦ದಲ್ಲಿ ಬಾಗಿಲು ಹಾಕಿತು. ನನ್ನ ಮೇಜಿನ ಮೇಲಿನ ಬಿಲ್ಲೆಯ ಸ್ಟಾರ್‌ಡಸ್ಟ್ ೧೯೫೮ರಿಂದ ೨೦೦೬ರವರೆಗೆ ಬಾಳಿ ಮರುವರ್ಷ ಧೂಳಾಯಿತು. ಹೀಗೆ ಮನೆ ಅಳಿದಮೇಲೆ ಉಳಿದ ಬಿಲ್ಲೆಯನ್ನೇ ಸಂಗ್ರಾಹಕರು ಬಯಸುವುದು. ಅವರಿಗೆ ೧೯೮೮ರಲ್ಲಿ ಹುಟ್ಟಿದ ಸಂಘವುಂಟು, ಸಮ್ಮೇಳನವುಂಟು, ಬೆಲೆಪಟ್ಟಿಯ ಪುಸ್ತಕಗಳುಂಟು. ಐದು ಡಾಲರೆಂದು ಬರೆದ ಒಂದು ಬಿಲ್ಲೆ ಹತ್ತಾರು ಸಾವಿರ ಡಾಲರಿಗೆ ಹೋದದ್ದೂ ಉಂಟು.

ಏಕೆ ಅಷ್ಟು ಬೆಲೆ ಎಂದು ಕೇಳಿದರೆ, ಸಿಗುವುದಿಲ್ಲವಾದ್ದರಿಂದ ಎನ್ನುತ್ತಾರೆ. ಉತ್ತರವೇನೋ ಸರಿ, ಆದರೆ ತುಸು ಒರಟು. ನನ್ನ ಹಳೆಯ ಟಿಪ್ಪಣಿ ಪುಸ್ತಕವೂ ಜಗತ್ತಿನಲ್ಲಿ ಒಂದೇ ಒಂದಿದೆ. ಅದನ್ನು ಬೇಡಿ ಈವರೆಗೆ ಯಾರೂ ಬಂದಿಲ್ಲ. ಅಪರೂಪವೆಂಬುದು ಆಸೆಯನ್ನು ಹೆಚ್ಚಿಸಬಲ್ಲುದೇ ಹೊರತು ಹುಟ್ಟಿಸಲಾರದು. ಅದಿರಲಿ, ಅಪರೂಪದಲ್ಲಿ ಇನ್ನೊಂದು ಕಸಿವಿಸಿಯಿದೆ. ಒಂದು ಬಿಲ್ಲೆ ಅಪರೂಪವಾಗಬೇಕಾದರೆ ಅದರ ಸಾವಿರಾರು ಒಡಹುಟ್ಟುಗಳು ಯಂತ್ರದಲ್ಲಿ ಪುಡಿಯಾಗಿರಬೇಕು. ಎಲ್ಲೋ ಒಂದು ಮನೆಯ ಅಟ್ಟದಲ್ಲಿ ಅದೇ ಬಿಲ್ಲೆಯ ಒಂದು ಚೀಲ ಸಿಕ್ಕಿತೆನ್ನಿ. ಇರುವ ಬಿಲ್ಲೆಯ ಒಂದು ಕೂದಲೂ ಕೊಂಕಿಲ್ಲ. ಅದೇ ಬಣ್ಣ, ಅದೇ ಅಚ್ಚು, ಅದೇ ಇತಿಹಾಸ. ಆದರೆ ಒಡೆಯನ ಮುಖ ಬಾಡುತ್ತದೆ. ನಿಜವಾಗಿ ಅದನ್ನು ಪ್ರೀತಿಸುವವನು ಇನ್ನೂ ನೂರು ಉಳಿದಿವೆಯಲ್ಲಾ ಎಂದು ಹಿಗ್ಗಬೇಕಾಗಿತ್ತಲ್ಲವೇ? ಹಸ್ತಪ್ರತಿ ಹುಡುಕುವ ನಮ್ಮವರು ಒಂದು ಕಾವ್ಯದ ಎರಡನೆಯ ಪ್ರತಿ ಸಿಕ್ಕಿದರೆ ಪಾಠ ಪರಿಷ್ಕರಣಕ್ಕೆ ಒದಗಿತೆಂದು ಸಂತೋಷಪಡುತ್ತಾರೆ. (ಎಲ್ಲರೂ ಪಡುತ್ತಾರೆಂದು ನಾನು ಹೇಳಲಾರೆ, ನಮ್ಮ ವಿದ್ವತ್ ಪ್ರಪಂಚವೂ ಮನುಷ್ಯರದೇ.)

ಅಪರೂಪವನ್ನು ಬಿಟ್ಟರೆ ಇನ್ನೇನು? ಬಿಲ್ಲೆ ಒಂದು ಕಾಲಕ್ಕೆ ಸಾಕ್ಷಿ ಎನ್ನುತ್ತಾರೆ. ೧೯೬೦ರಲ್ಲಿ ಫ್ರಾಂಕ್ ಸಿನಾಟ್ರ, ಡೀನ್ ಮಾರ್ಟಿನ್, ಸ್ಯಾಮಿ ಡೇವಿಸ್ ಜೂನಿಯರ್ ಸ್ಯಾಂಡ್ಸಿನಲ್ಲಿ ಹಾಡುತ್ತಿದ್ದ ಇರುಳುಗಳಲ್ಲಿ ಈ ಬಿಲ್ಲೆ ಯಾರ ಕೈಯಲ್ಲಿತ್ತೋ ಎಂದು ನೆನೆಯುವುದರಲ್ಲಿ ಒಂದು ಸುಖವಿದೆ. ಈ ಮಾತು ನನಗೆ ಹೆಚ್ಚು ಒಪ್ಪಿತವಾಗುತ್ತದೆ. ಜೂಜುಮನೆಯವರೇ ನೆನಪಿಗೆಂದು ಮಾಡಿಸುವ ಬಿಲ್ಲೆಗಳ ಗತಿಯೂ ಇದನ್ನೇ ಹೇಳುತ್ತದೆ. ೧೯೯೦ರ ದಶಕದಲ್ಲಿ ಅವರಿಗೆ ಒಂದು ಗುಟ್ಟು ತಿಳಿಯಿತು: ಅಲ್ಪ ಖರ್ಚಿನಲ್ಲಿ ಮಾಡಿದ ಬಿಲ್ಲೆಯನ್ನು ಐದು ಡಾಲರಿಗೆ ಪಡೆದವನು ಅದನ್ನು ಮನೆಗೆ ಒಯ್ದುಬಿಟ್ಟರೆ ಉಳಿದದ್ದೆಲ್ಲ ಲಾಭ. ಹಬ್ಬಕ್ಕೊಂದು, ಕುಸ್ತಿಗೊಂದು, ಹಾಡುಗಾರನ ಹುಟ್ಟುಹಬ್ಬಕ್ಕೊಂದು ಎಂದು ಬಣ್ಣಬಣ್ಣದ ಬಿಲ್ಲೆಗಳು ಹೊರಟವು. ಇಷ್ಟೇ ಮಾಡಿದ್ದೇವೆ ಎಂದು ಅವುಗಳ ಮೇಲೆ ಸಂಖ್ಯೆಯನ್ನೂ ಹಾಕಿದರು. ಅವುಗಳಲ್ಲಿ ಬಹುಪಾಲು ಹಳೆಯ ಸಾದಾ ಬಿಲ್ಲೆಗಳ ಬೆಲೆಯ ಹತ್ತಿರಕ್ಕೂ ಏರಿಲ್ಲ. ಅವು ಯಾವ ಕೆಲಸವನ್ನೂ ಮಾಡಲಿಲ್ಲ. ಯಾವ ಮಾತನ್ನೂ ಹೊತ್ತು ತಿರುಗಲಿಲ್ಲ. ಹಳೆಯ ಬಿಲ್ಲೆ ಉಳಿದದ್ದು ಯಾರದೋ ಮರೆವಿನಿಂದ: ಕೋಟಿನ ಜೇಬಿನಲ್ಲಿ, ಮೇಜಿನ ಖಾನೆಯಲ್ಲಿ, ಗುಂಡಿ ಸೂಜಿಗಳ ಡಬ್ಬಿಯಲ್ಲಿ. ಉಳಿಸಬೇಕೆಂದು ಯಾರೂ ಹೊರಟಿರಲಿಲ್ಲ.

ಕಳ್ಳ ಬಿಲ್ಲೆಗಳ ಸಂಗತಿ ಇನ್ನೂ ವಿಚಿತ್ರ. ಎಂದೂ ಚಲಾವಣೆಯಲ್ಲಿಲ್ಲದ ಬಿಲ್ಲೆಯನ್ನು ಅಳಿದುಹೋದ ಮನೆಯ ಹೆಸರಿನಲ್ಲಿ ಅಚ್ಚುಹಾಕಿಸಿ ಮಾರುವವರಿದ್ದಾರೆ. ಮನೆ ಬದುಕಿದ್ದಾಗ ಹೀಗೆ ಮಾಡಿದ್ದರೆ ಅದು ಮನೆಯವರ ಪೆಟ್ಟಿಗೆಗೆ ಹಾಕಿದ ಕನ್ನ. ಈಗ ಪೆಟ್ಟಿಗೆಯೇ ಇಲ್ಲ. ನಿಜವಾದ ಬಿಲ್ಲೆಗೂ ಸುಳ್ಳು ಬಿಲ್ಲೆಗೂ ಯಾರೂ ಕಾಸು ಕೊಡುವುದಿಲ್ಲ. ಹಾಗಿದ್ದೂ ಮೋಸ ಮೋಸವೇ ಎಂದು ಎಲ್ಲರೂ ಒಪ್ಪುತ್ತಾರೆ. ಇದನ್ನು ನೋಡಿದರೆ ಸಂಗ್ರಾಹಕನು ಕೊಳ್ಳುವುದು ಆಕಾರವನ್ನಲ್ಲ, ಬಣ್ಣವನ್ನಲ್ಲ, ‘ಇದು ಅಲ್ಲಿತ್ತು’ ಎಂಬ ಒಂದು ವಾಕ್ಯವನ್ನು ಎಂದು ಹೇಳಬೇಕಾಗುತ್ತದೆ.

ಇಷ್ಟರವರೆಗೆ ಬಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಬೆಲೆಪಟ್ಟಿ ಒಂದು ತೊಡಕನ್ನು ಒಡ್ಡುತ್ತದೆ. ಒಂದೇ ಮನೆಯ, ಒಂದೇ ವರ್ಷದ ಎರಡು ಬಿಲ್ಲೆಗಳಿವೆಯೆನ್ನಿ. ಒಂದರ ಅಂಚು ಚೂಪಾಗಿದೆ, ಅಕ್ಷರ ಹೊಳೆಯುತ್ತದೆ. ಅದು ಕಪಾಟಿನಿಂದ ಮೇಜಿಗೆ ಬಂದೇ ಇಲ್ಲ. ಇನ್ನೊಂದರ ಅಂಚು ನೂರಾರು ಬೆರಳುಗಳಲ್ಲಿ ತಿರುಗಿ ದುಂಡಾಗಿದೆ, ಬೆವರು ಹಿಡಿದು ಕಪ್ಪಾಗಿದೆ. ಸಾಕ್ಷಿಗೆ ಬೆಲೆಯೆಂದಾದರೆ ಎರಡನೆಯದಕ್ಕೆ ಹೆಚ್ಚು ಬೆಲೆ ಬರಬೇಕು. ಬರುವುದು ಮೊದಲನೆಯದಕ್ಕೆ! ನ್ಯಾಯಾಲಯಕ್ಕೆ ಹೋಗಿ, ಸ್ಥಳದಲ್ಲಿದ್ದರೂ ಕಣ್ಣುಮುಚ್ಚಿಕೊಂಡಿದ್ದ ಸಾಕ್ಷಿಯೇ ಬೇಕೆಂದು ಕೇಳಿದಂತಾಯಿತು. ಕೊಳೆಯಾದದ್ದನ್ನು ಎಣ್ಣೆ ಹಚ್ಚಿ ಒರೆಸಿ ಹೊಸದರಂತೆ ಮಾಡುವವರೂ ಇದ್ದಾರೆ. ನಾಣ್ಯ ಸಂಗ್ರಹಿಸುವವರಲ್ಲೂ ಈ ರೂಢಿಯಿದೆ. ಆದರೆ ನಾಣ್ಯದ ಸವಕಳಿ ಬೇರೆ. ಅದು ಸಂತೆಯಲ್ಲಿ, ಹೊಳೆ ದಾಟುವ ದೋಣಿಯಲ್ಲಿ, ದೇವರ ತಟ್ಟೆಯಲ್ಲಿ ಸವೆದದ್ದು. ಬಿಲ್ಲೆಯ ಸವಕಳಿ ಒಂದೇ ಬಗೆಯದು. ಆ ಕಪ್ಪು ಯಾರ ಬೆವರು ಎಂದು ಯೋಚಿಸಹೊರಟರೆ ವೆಲ್ವೆಟ್ಟಿನ ಪೆಟ್ಟಿಗೆ ಅಷ್ಟು ಹಿತವಾಗಿ ಕಾಣಲಿಕ್ಕಿಲ್ಲ. ಹೊಸ ಬಿಲ್ಲೆಯ ಮೇಲಿನ ಆಸೆಗೆ ಇದೂ ಒಂದು ಕಾರಣವಿರಬಹುದೆಂದು ನನ್ನ ಗುಮಾನಿ.

ನನಗೆ ಆ ಬೆವರಿನ ಪರಿಚಯ ಸ್ವಲ್ಪ ಇದೆ. ನನ್ನ ಸೋದರಮಾವ ಮಲೆನಾಡಿನ ಅಂಚಿನ ಒಂದು ಊರಿನಲ್ಲಿದ್ದರು. ಸಂಜೆಯ ಹೊತ್ತು ಕ್ಲಬ್ಬಿಗೆ ಹೋಗಿ ರಮ್ಮಿ ಆಡುತ್ತಿದ್ದರು. ಅಲ್ಲಿ ಹಣದ ಬದಲು ಪ್ಲಾಸ್ಟಿಕ್ ಬಿಲ್ಲೆಗಳು. ಒಂದು ಬೇಸಿಗೆ ರಜೆಯಲ್ಲಿ ನಾನು ಅವರ ಮನೆಯಲ್ಲಿದ್ದಾಗ, ಅತ್ತೆ ಒಗೆಯಲು ತೆಗೆದ ಅಂಗಿಯ ಜೇಬಿನಲ್ಲಿ ಅಂಥ ನಾಲ್ಕು ಬಿಲ್ಲೆ ಸಿಕ್ಕಿದವು. “ಇದೇನು?” ಎಂದು ಕೇಳಿದರು. “ಅದು ಹಣ ಅಲ್ಲ ಕಣೇ, ಆಟದ ಬಿಲ್ಲೆ” ಎಂದು ಮಾವ ಪೇಪರಿನಿಂದ ತಲೆಯೆತ್ತದೆ ಹೇಳಿದರು. “ಹಣ ಅಲ್ಲದಿದ್ದರೆ ಮಕ್ಕಳಿಗೆ ಕೊಡ್ತೀನಿ” ಎಂದು ಅತ್ತೆ ಅವನ್ನು ನಮ್ಮ ಕೈಗೆ ಹಾಕಿದರು. ಮಾವ ಬೇಡವೆನ್ನಲಿಲ್ಲ. ನಾವು ಅವನ್ನು ಚೌಕಾಬಾರದ ಕಾಯಿ ಮಾಡಿಕೊಂಡು ರಜೆಯೆಲ್ಲ ಆಡಿದೆವು. ಮೂರು ವರ್ಷದಲ್ಲಿ ಕೆರೆಯ ಕೆಳಗಿನ ಎರಡು ಎಕರೆ ಗದ್ದೆ ಬೇರೆಯವರ ಹೆಸರಿಗೆ ಹೋಯಿತು. ಆ ಗದ್ದೆ ಮಾರಿದ ದಿನ ಅತ್ತೆ ಅಡಿಗೆ ಮಾಡಿ ಎಲ್ಲರಿಗೂ ಬಡಿಸಿದ್ದು ನೆನಪಿದೆ, ಅತ್ತದ್ದು ನೆನಪಿಲ್ಲ. ಆ ನಾಲ್ಕು ಬಿಲ್ಲೆಗಳ ಮೇಲೆ ಒಂದು ಗೀರು ಕೂಡ ಇರಲಿಲ್ಲ. ಇಂದು ಯಾರಾದರೂ ಅಂಥ ಬಿಲ್ಲೆಗಳನ್ನು ಸಂಗ್ರಹಿಸಹೊರಟರೆ ಅವು ಒಳ್ಳೆಯ ಸ್ಥಿತಿಯಲ್ಲಿವೆ ಎಂದೇ ಬರೆದುಕೊಳ್ಳುತ್ತಾರೆ.

ಆದ್ದರಿಂದ ಸಂಗ್ರಾಹಕರು ತಪ್ಪು ಮಾಡುತ್ತಾರೆಂದು ನಾನು ಹೇಳುವುದಿಲ್ಲ. ಆ ಬಿಲ್ಲೆಯ ಸುತ್ತ ಕೂತವರಲ್ಲಿ ಅದನ್ನು ಕಣ್ಣಿಟ್ಟು ನೋಡಿದವನು ಅವನೊಬ್ಬನೇ. ಆಡುವವನು ನೋಡಲಿಲ್ಲ, ಆಡಿಸುವವನು ಎಣಿಸಿದ. ಓಡುತ್ತಲೇ ಇರಬೇಕಾಗಿದ್ದ ಒಂದು ವಸ್ತುವನ್ನು ಇವನು ಹಿಡಿದು ನಿಲ್ಲಿಸಿ, ‘ನೀನು ಎಲ್ಲಿಯದು?’ ಎಂದು ಕೇಳಿದ್ದಾನೆ. ಕೇಳಿದ್ದು ಒಳ್ಳೆಯದೇ. ಬಿಲ್ಲೆಗೆ ಗೊತ್ತಿರುವ ಉತ್ತರ ಮಾತ್ರ ಬಹಳ ಸಣ್ಣದು: ಮನೆಯ ಹೆಸರು, ಊರಿನ ಹೆಸರು, ಒಂದು ಅಂಕಿ.

ಎಲ್ಲ ಬಿಲ್ಲೆಗಳೂ ಅಷ್ಟು ಮೂಕವಲ್ಲ. ಲಾಸ್ ವೇಗಾಸಿನ ಪಶ್ಚಿಮ ಭಾಗದಲ್ಲಿ ೧೯೫೫ರ ಮೇ ತಿಂಗಳಲ್ಲಿ ಮುಲಾಂ ರೂಜ್ ಎಂಬ ಜೂಜುಮನೆ ತೆರೆಯಿತು. ಆ ಕಾಲದಲ್ಲಿ ಪೇಟೆಯ ದೊಡ್ಡ ಜೂಜುಮನೆಗಳಲ್ಲಿ ಕರಿಯರಿಗೆ ಪ್ರವೇಶವಿರಲಿಲ್ಲ. ವೇದಿಕೆಯ ಮೇಲೆ ಹಾಡಿ ಸಾವಿರಾರು ಜನರ ಚಪ್ಪಾಳೆ ಗಿಟ್ಟಿಸಿದ ಕಲಾವಿದನೂ ಆಟ ಮುಗಿದಮೇಲೆ ಅದೇ ಹೋಟೆಲಿನಲ್ಲಿ ಮಲಗುವಂತಿರಲಿಲ್ಲ. ಊರಾಚೆಯ ಕರಿಯರ ಕೇರಿಯಲ್ಲಿ ಕೋಣೆ ಹುಡುಕಿಕೊಳ್ಳಬೇಕಾಗಿತ್ತು. ಹಣಕ್ಕೆ ಜಾತಿಯಿಲ್ಲ ಎಂದು ನಾವು ಬಹಳ ನಂಬಿಕೆಯಿಂದ ಹೇಳುತ್ತೇವೆ. ಅಲ್ಲಿ ಅದಕ್ಕಿತ್ತು. ಐದು ಡಾಲರಿನ ನೋಟು ಯಾರ ಜೇಬಿನಲ್ಲಾದರೂ ಇರಬಹುದಾಗಿತ್ತು. ಅದನ್ನು ಕೆಂಪು ಬಿಲ್ಲೆಯಾಗಿ ಬದಲಾಯಿಸಿಕೊಳ್ಳಲು ಚರ್ಮದ ಬಣ್ಣ ನೋಡುತ್ತಿದ್ದರು. ನಮ್ಮ ಊರುಗಳ ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟಿದ್ದ ಕಾಲವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೋಟ ಬೇರೆಯಾದರೂ ಕಾಸನ್ನು ಮಾತ್ರ ಎಲ್ಲರಿಂದಲೂ ಒಂದೇ ಪೆಟ್ಟಿಗೆಗೆ ಹಾಕಿಕೊಳ್ಳುತ್ತಿದ್ದರು.

ಮುಲಾಂ ರೂಜ್ ಈ ಕಟ್ಟನ್ನು ಮುರಿಯಿತು. ಮುಷ್ಟಿಯುದ್ಧದ ಜಗಜಟ್ಟಿ ಜೋ ಲೂಯಿಸ್ ಅದರ ಬಾಗಿಲಲ್ಲಿ ಬಂದವರನ್ನು ಸ್ವಾಗತಿಸುತ್ತಿದ್ದ. ಕರಿಯರು, ಬಿಳಿಯರು ಒಂದೇ ಮೇಜಿನ ಸುತ್ತ ಕೂತರು. ದೊಡ್ಡ ಮನೆಗಳಲ್ಲಿ ಆಟ ಮುಗಿಸಿದ ಹೆಸರಾಂತ ಕಲಾವಿದರೂ ನಡುರಾತ್ರಿಯಮೇಲೆ ಅಲ್ಲಿಗೆ ಬರುತ್ತಿದ್ದರು. ಅಷ್ಟಿದ್ದೂ ಅದೇ ವರ್ಷದ ನವೆಂಬರಿನ ಹೊತ್ತಿಗೆ ಮನೆ ಮುಚ್ಚಿತು. ಬಾಳಿದ್ದು ಹೆಚ್ಚೆಂದರೆ ಆರು ತಿಂಗಳು. ಆದರೆ ೧೯೬೦ರ ಮಾರ್ಚಿಯಲ್ಲಿ ಕರಿಯರ ಮುಖಂಡರು ದೊಡ್ಡ ಜೂಜುಮನೆಗಳ ಬೀದಿಯಲ್ಲಿ ಮೆರವಣಿಗೆ ಹೊರಡುತ್ತೇವೆಂದು ಎಚ್ಚರಿಕೆ ಕೊಟ್ಟಾಗ, ಮಾತುಕತೆ ನಡೆದು ಭೇದವನ್ನು ಕೈಬಿಡುವ ಒಪ್ಪಂದವಾದದ್ದು ಮುಚ್ಚಿದ್ದ ಆ ಮುಲಾಂ ರೂಜ್ ಕಟ್ಟಡದಲ್ಲೇ.

ಅದರ ಬಿಲ್ಲೆಗಳನ್ನು ಸಂಗ್ರಾಹಕರು ಬಯಸುತ್ತಾರೆ. ಬಿಲ್ಲೆಗಳನ್ನು ಕುರಿತ ಆಸೆಗಳಲ್ಲಿ ನನಗೆ ಪೂರ್ತಿಯಾಗಿ ಅರ್ಥವಾಗುವ ಆಸೆ ಇದೊಂದೇ. ಇಲ್ಲಿ ಆ ಬಿಲ್ಲೆಯನ್ನು ಹಿಡಿಯುವುದೇ ಒಂದು ಘಟನೆ. ಮನೆಯವನಿಗೆ ಅದು ಎಂದಿನಂತೆ ಸಾಲದ ಗುರುತು, ಆಡಿದವನಿಗೆ ಎಂದಿನಂತೆ ಸೋಲುವ ದಾರಿ. ಅದರಲ್ಲಿ ನನಗೆ ಭ್ರಮೆಯಿಲ್ಲ. ಸೋಲುವ ಹಕ್ಕನ್ನೂ ಹೋರಾಡಿ ಪಡೆಯಬೇಕೇ ಎಂದು ನಮ್ಮ ರಾಯರು ಕೇಳಿದರು. ಪಡೆಯಬೇಕು ಎಂದು ನ���ನು ಹೇಳಿದೆ. ಒಬ್ಬನನ್ನು ಅವನ ಒಳಿತಿಗಾಗಿ ಹೊರಗಿಟ್ಟಿದ್ದರೆ ಆ ಮಾತು ಬೇರೆ. ಅಲ್ಲಿ ಹೊರಗಿಟ್ಟದ್ದು ಅವನ ಒಳಿತಿಗಲ್ಲ. ರಾಯರು ಒಪ್ಪಿದರೋ ಇಲ್ಲವೋ ತಿಳಿಯದು. ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಕಾಫಿ ಕುಡಿದರು.

ಸಂಗ್ರಾಹಕರು ಮಾಡುವ ಇನ್ನೊಂದು ಕೆಲಸವನ್ನು ಹೇಳಬೇಕು. ಜೂಜಿಗೆ ಒಪ್ಪಿಗೆಯಿಲ್ಲದ ರಾಜ್ಯಗಳಲ್ಲಿ ಗುಟ್ಟಾಗಿ ನಡೆಯುತ್ತಿದ್ದ ಮನೆಗಳ ಬಿಲ್ಲೆಗಳ ಮೇಲೆ ಊರು ಹೆಸರು ಇರುವುದಿಲ್ಲ. ಎರಡು ಅಕ್ಷರವೋ ಒಂದು ಚಿತ್ರವೋ ಇದ್ದರೆ ಹೆಚ್ಚು. ಅವನ್ನು ಗುರುತಿಸಲು ಇವರು ಬಿಲ್ಲೆ ಮಾಡುತ್ತಿದ್ದ ಹಳೆಯ ಕಂಪನಿಗಳ ಬೇಡಿಕೆಯ ಕಾರ್ಡುಗಳನ್ನು ಹುಡುಕಿ ತೆಗೆದು ಓದುತ್ತಾರೆ. ಯಾವ ವರ್ಷ, ಯಾವ ವಿಳಾಸಕ್ಕೆ, ಯಾವ ಬಣ್ಣದವು, ಎಷ್ಟು ಕಳಿಸಿದ್ದು ಎಂಬುದು ಅವುಗಳಲ್ಲಿರುತ್ತದೆ. ಎಷ್ಟೋ ಸಂಜೆಗಳ ತಾಳ್ಮೆಯ ಕೆಲಸ ಅದು. ಶಾಸನ ಓದುವವರ ತಾಳ್ಮೆಗೆ ಕಡಮೆಯದಲ್ಲ. ಕಾರ್ಡಿನಲ್ಲಿ ತರಿಸಿಕೊಂಡವನ ಹೆಸರು ಸಿಗುತ್ತದೆ. ಆಡಿದವರ ಹೆಸರು ಸಿಗುವ ಸಂಭವವಿಲ್ಲ. ಅದನ್ನು ಬೇರೆ ಕಡೆ ಹುಡುಕಬೇಕು. ಲಾಸ್ ವೇಗಾಸಿನ ನೆವಾಡಾ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಆ ಮನೆಗಳಲ್ಲಿ ಇಸ್ಪೀಟು ಹಂಚಿದವರ, ಅಡಿಗೆ ಮಾಡಿದವರ, ಕೋಣೆ ಗುಡಿಸಿದವರ ಮಾತುಗಳನ್ನು ಕೇಳಿ ಬರೆದಿಟ್ಟಿದ್ದಾರೆ. ನನ್ನ ವಿದ್ಯಾರ್ಥಿಗೆ ಮೊನ್ನೆ ಬರೆದ ಕಾಗದದಲ್ಲಿ, ಮುಂದಿನ ಸಲ ಆ ಊರಿಗೆ ಹೋದಾಗ ಬಿಲ್ಲೆಯ ಅಂಗಡಿಗೆ ಹೋಗುವ ಮೊದಲು ಅಲ್ಲಿ ಒಂದು ದಿನ ಕೂತು ಓದಿ ಬಾ, ಏನು ಓದಿದೆ ಎಂದು ನನಗೆ ಬರೆ ಎಂದು ಕೇಳಿಕೊಂಡಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.